ನೀರು ಕುಡಿಯುವ ರೂಢಿಗೆ ಮರಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಊಟ, ನಿದ್ದೆ, ವಾಕಿಂಗ್ ಎಲ್ಲವನ್ನೂ ಮತ್ತೆ ಒಂದು ದಾರಿಗೆ ತರಬೇಕು ಅಂತ ಹೊರಟವರು ಮೊದಲು ಕೇಳುವುದು ನೀರಿನ ವಿಷಯ. ಮಾತಿಗೆ ಸಿಕ್ಕಾಗ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಸುಲಭದವು ಮೊದಲು, ಕಾಯಿಲೆ ಕಸಾಲೆಯವು ಕೊನೆಗೆ. ಹಾರ್ಟ್, ಕಿಡ್ನಿ, ಲಿವರ್ ತೊಂದರೆ ಇದ್ದವರು ದಯವಿಟ್ಟು ಕೊನೆಯ ಭಾಗವನ್ನು ಮೊದಲು ಓದಿ, ಆಮೇಲೆ ಮೇಲಕ್ಕೆ ಬನ್ನಿ.

## ಶುರುವಿಗೆ

ದಿನಕ್ಕೆ ಎಷ್ಟು ನೀರು ಕುಡಿಬೇಕು? ಸುಮ್ನೆ ಒಂದು ಲೆಕ್ಕ ಹೇಳಿಬಿಡಿ.

ಆರೋಗ್ಯವಾಗಿರುವ ದೊಡ್ಡವರಿಗೆ ಸುಮಾರು 2 ಲೀಟರ್, ಅಂದರೆ 250 ಮಿಲಿಯ 8 ಲೋಟ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಭಾರತೀಯರಿಗೆ ಕೊಟ್ಟಿರುವ ಆಹಾರ ಮಾರ್ಗಸೂಚಿಯಲ್ಲಿ ಇರುವುದೂ ಇದೇ. ಆದರೆ ಇದನ್ನು ಕಲ್ಲಿನ ಮೇಲೆ ಕೆತ್ತಿದ ಶಾಸನ ಅಂದುಕೊಳ್ಳಬೇಡಿ. ಮಡಿಕೇರಿಯ ಮಳೆಗಾಲದಲ್ಲಿ ಮನೆಯೊಳಗೆ ಕೂತವರಿಗೂ ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಗಾರೆ ಕೆಲಸ ಮಾಡುವವರಿಗೂ ಒಂದೇ ಲೆಕ್ಕ ಹೇಗೆ ಸರಿಹೋಗುತ್ತದೆ?

ಇನ್ನೊಂದು ವಿಷಯ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕು ಎಂದಿತ್ತು. ಅದರ ಹೆಚ್ಚಿನ ಪಾಲು ಊಟದಲ್ಲೇ ಸಿಗುತ್ತದೆ ಅನ್ನುವ ಮಾತೂ ಅದೇ ಜಾಗದಲ್ಲಿತ್ತು. ಜನ ನೆನಪಿಟ್ಟುಕೊಂಡದ್ದು ಮೊದಲ ಸಾಲು ಮಾತ್ರ. ಬೆಂದ ಅನ್ನದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ ಇರುತ್ತದೆ. ಸಾರು, ಹುಳಿ, ಮಜ್ಜಿಗೆ ಬಗ್ಗೆ ಹೇಳುವುದೇ ಬೇಡ. ಸೌತೆಕಾಯಿಯಲ್ಲಿ ನೂರಕ್ಕೆ 95ರಷ್ಟು ನೀರು.

ಬಾಯಾರಿದಾಗ ಕುಡಿದ್ರೆ ಸಾಲ್ದಾ? ಅಷ್ಟೆಲ್ಲ ಲೆಕ್ಕ ಯಾಕೆ?

ತುಂಬಾ ಜನಕ್ಕೆ, ತುಂಬಾ ದಿನ, ಅಷ್ಟೇ ಸಾಕು. ಬಾಯಾರಿಕೆ ಒಳ್ಳೆಯ ಕಾವಲುಗಾರ. ನಂಬಬಾರದ ಸಂದರ್ಭಗಳು ಕೆಲವಿವೆ: ವಯಸ್ಸಾದವರು, ಪುಟ್ಟ ಮಕ್ಕಳು, ಸುಡು ಬಿಸಿಲಲ್ಲಿ ಮೈ ಬಗ್ಗಿಸಿ ದುಡಿಯುವವರು, ಜ್ವರ ಅಥವಾ ಭೇದಿ ಆದವರು. ನಾನು ಇನ್ನೂ ಒಂದು ಗುಂಪು ಸೇರಿಸುತ್ತೇನೆ. ಬಾಯಾರಿಕೆ ಆದರೂ "ಈ ಮೀಟಿಂಗ್ ಮುಗೀಲಿ" ಅಂತ ಮುಂದೂಡಿ ಮುಂದೂಡಿ, ಆ ಸೂಚನೆಯನ್ನೇ ಕೇಳಿಸಿಕೊಳ್ಳದ ಹಾಗೆ ಆಗಿಹೋದವರು. ಈ ಪುಟ ಮುಖ್ಯವಾಗಿ ಅವರಿಗಾಗಿ.

ಸಾಕಷ್ಟು ಕುಡಿತಿದ್ದೀನಾ ಅಂತ ಗೊತ್ತಾಗೋದು ಹೇಗೆ?

ಮೂತ್ರದ ಬಣ್ಣ ನೋಡಿ. ತೆಳು ಹಳದಿ ಇದ್ದರೆ ಸರಿಯಾಗಿದೆ. ಗಾಢ ಹಳದಿಯಾಗಿ, ವಾಸನೆ ಜೋರಾಗಿ, ಐದಾರು ಗಂಟೆಯಾದರೂ ಹೋಗಬೇಕು ಅನ್ನಿಸದಿದ್ದರೆ ನೀರು ಕಮ್ಮಿಯಾಗಿದೆ. ಬೆಳಗಿನ ಮೊದಲನೆಯದು ಯಾವಾಗಲೂ ಸ್ವಲ್ಪ ಗಾಢವೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಮಿಂಚುವ ಹಳದಿಯಾಗುತ್ತದೆ. ಅದು ಮಾತ್ರೆಯ ಬಣ್ಣ, ನೀರಿನ ಕೊರತೆಯಲ್ಲ. ಪೂರ್ತಿ ನೀರಿನ ಹಾಗೇ ಬಿಳಿಯಾಗಬೇಕು ಅಂತಲೂ ಇಲ್ಲ. ಹಾಗಾಗುತ್ತಿದ್ದರೆ ಬೇಕಾದ್ದಕ್ಕಿಂತ ಜಾಸ್ತಿಯೇ ಕುಡಿಯುತ್ತಿದ್ದೀರಿ.

ಕಾಫಿ, ಟೀ ಲೆಕ್ಕಕ್ಕೆ ಬರುತ್ತಾ? ಅದು ಇರೋ ನೀರನ್ನೂ ಹೊರಗೆ ಹಾಕುತ್ತಂತೆ?

ಬರುತ್ತದೆ. ಕೆಫೀನ್ ಸ್ವಲ್ಪ ಮೂತ್ರ ಹೆಚ್ಚಿಸುತ್ತದೆ, ನಿಜ. ಆದರೆ ದಿನಾ ಕುಡಿಯುವವರ ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ, ಕುಡಿದದ್ದರಲ್ಲಿ ಬಹುಪಾಲು ಒಳಗೇ ಉಳಿಯುತ್ತದೆ. ಕಾಫಿಯ ನಿಜವಾದ ತೊಂದರೆ ಸಕ್ಕರೆ. ಐದು ಲೋಟ ಕಾಫಿಗೆ ಎರಡೆರಡು ಚಮಚ ಹಾಕಿದರೆ ಹತ್ತು ಚಮಚ ಆಯಿತಲ್ವಾ?

## ರೂಢಿ ಮಾಡಿಕೊಳ್ಳುವ ಬಗ್ಗೆ

ಎಲ್ಲಾ ಹಳಿ ತಪ್ಪಿದೆ: ಊಟದ ಹೊತ್ತು, ನಿದ್ದೆ, ವಾಕಿಂಗ್. ಬರೀ ನೀರಿಂದ ಶುರು ಮಾಡಿದ್ರೆ ಏನು ಉಪಯೋಗ?

ನೀರು ಎಲ್ಲವನ್ನೂ ಸರಿ ಮಾಡುತ್ತದೆ ಅಂತ ನಾನು ಹೇಳುವುದಿಲ್ಲ. ಮುಖ ಹೊಳೆಯುತ್ತದೆ, ವಿಷವೆಲ್ಲ ಹೊರಗೆ ಹೋಗುತ್ತದೆ ಅನ್ನುವ ಮಾತುಗಳನ್ನೂ ನಂಬಬೇಡಿ. ಆ ಕೆಲಸಕ್ಕೆ ಲಿವರ್ ಮತ್ತು ಕಿಡ್ನಿ ಇವೆ, ಸಂಬಳ ಕೇಳದೆ ಮಾಡುತ್ತಿವೆ.

ಆದರೂ ನೀರಿನಿಂದ ಶುರು ಮಾಡಿ ಅನ್ನುತ್ತೇನೆ. ಯಾಕೆಂದರೆ ಇದಕ್ಕೆ ಶೂ ಬೇಡ, ಜಿಮ್ಮಿನ ಫೀಸು ಬೇಡ, ಬೆಳಗ್ಗೆ ಐದಕ್ಕೆ ಏಳುವುದೂ ಬೇಡ. ಮನೆಯವರ ಅಡುಗೆ ಬದಲಾಗಬೇಕಿಲ್ಲ. ಫಲವೂ ಬೇಗ ಕಾಣುತ್ತದೆ. ನೀರು ತೀರಾ ಕಮ್ಮಿ ಕುಡಿಯುತ್ತಿದ್ದವರಿಗೆ ಮಧ್ಯಾಹ್ನದ ತಲೆನೋವು, ಮಲಬದ್ಧತೆ, ಸಂಜೆಯ ಸುಸ್ತು ಕೆಲವೇ ದಿನಗಳಲ್ಲಿ ಹಗುರಾಗುವುದುಂಟು. ಮೈತೂಕದ ನೂರಕ್ಕೆ ಒಂದೆರಡು ಪಾಲಿನಷ್ಟು ನೀರು ಕಳೆದುಕೊಂಡರೂ ಗಮನ ಚದುರುತ್ತದೆ, ಸಿಡುಕು ಬರುತ್ತದೆ. 60 ಕಿಲೋ ತೂಕದವರಿಗೆ ಅದು 600ರಿಂದ 1200 ಮಿಲಿ, ಬೇಸಿಗೆಯಲ್ಲಿ ಅರ್ಧ ದಿನದ ಬೆವರು. ಒಂದು ಕೆಲಸ ನಮ್ಮ ಕೈಲಾಯಿತು ಅನ್ನುವ ಧೈರ್ಯ ಬಂದರೆ ವಾಕಿಂಗ್ ತಾನಾಗೇ ಹಿಂದೆ ಬರುತ್ತದೆ.

ನಾಲ್ಕು ದಿನ ಕುಡಿತೀನಿ, ಐದನೇ ದಿನ ಮರೆತೇ ಹೋಗುತ್ತೆ. ಏನ್ ಮಾಡೋದು?

ಮೊಬೈಲ್ ಅಲಾರಂ ಇಟ್ಟುಕೊಳ್ಳಬೇಡಿ. ಎರಡು ವಾರದಲ್ಲಿ ಅದು ಬಡಿದುಕೊಳ್ಳುತ್ತಿದ್ದರೂ ಕೈ ತಾನಾಗೇ ಆರಿಸಿಬಿಡುತ್ತದೆ. ಅದರ ಬದಲು, ದಿನಾ ತಪ್ಪದೆ ಮಾಡುವ ಕೆಲಸಗಳ ಬಾಲಕ್ಕೆ ನೀರನ್ನು ಕಟ್ಟಿ.

ಹಲ್ಲುಜ್ಜಿದ ಮೇಲೆ ಒಂದು ಲೋಟ. ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು, ಡಿಕಾಕ್ಷನ್ ಹನಿ ಹನಿಯಾಗಿ ಇಳಿಯುವ ತನಕ ಸುಮ್ನೆ ನಿಂತಿರುತ್ತೀರಲ್ಲ, ಆ ಹೊತ್ತಿಗೆ ಇನ್ನೊಂದು. ಆಫೀಸಿಗೆ ಹೋಗಿ ಬ್ಯಾಗು ಇಳಿಸಿದ ಕೂಡಲೇ ಒಂದು. ಮಧ್ಯಾಹ್ನದ ಊಟಕ್ಕೆ ಕೂರುವ ಮುಂಚೆ, ನಾಲ್ಕು ಗಂಟೆಯ ಟೀಗೆ ಮುಂಚೆ, ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ರಾತ್ರಿ ಊಟದ ಜೊತೆ. ಏಳು ಲೋಟ ಆಯಿತು. ಲೋಟಕ್ಕೆ 200 ಮಿಲಿ ಹಿಡಿದರೆ 1.4 ಲೀಟರ್. ಉಳಿದದ್ದನ್ನು ಕಾಫಿ, ಮಜ್ಜಿಗೆ, ಸಾರು ನೋಡಿಕೊಳ್ಳುತ್ತವೆ.

ಮೊದಲ ದಿನವೇ ಏಳೂ ಹಿಡಿಯಬೇಡಿ. ಎರಡು ಆರಿಸಿಕೊಳ್ಳಿ, ಅವು ಗಟ್ಟಿಯಾದ ಮೇಲೆ ಮೂರನೆಯದು. ನಿಮ್ಮ ಲೋಟ ಎಷ್ಟು ಹಿಡಿಯುತ್ತದೆ ಅಂತ ಒಮ್ಮೆ ಅಳೆದು ನೋಡಿ. ನಮ್ಮ ಸ್ಟೀಲ್ ಲೋಟಗಳಲ್ಲಿ 120 ಮಿಲಿಯದೂ ಇದೆ, 300ರದೂ ಇದೆ. "ಎಂಟು ಲೋಟ ಕುಡಿದೆ" ಅನ್ನುವುದಕ್ಕೆ ಅದು ಗೊತ್ತಿಲ್ಲದೆ ಅರ್ಥವೇ ಇಲ್ಲ. ನೀರಿನ ಚೊಂಬು ಅಡುಗೆಮನೆಯ ಮೂಲೆಯಲ್ಲಿದ್ದರೆ ನೆನಪಾಗುವುದಿಲ್ಲ, ಕೂರುವ ಜಾಗದಲ್ಲಿ ಕಣ್ಣಿಗೆ ಬೀಳುವ ಹಾಗೆ ಇಡಿ. ಒಂದು ದಿನ ತಪ್ಪಿತಾ? ರಾತ್ರಿ ಹತ್ತಕ್ಕೆ ಕೂತು ಬಾಕಿ ತೀರಿಸಲು ಹೋಗಬೇಡಿ. ನಾಳೆ ಇದೆ.

ಕೆಲಸದ ಜಾಗದಲ್ಲಿ ಟಾಯ್ಲೆಟ್ ಸರಿಯಿಲ್ಲ. ಅದಕ್ಕೇ ನೀರು ಕುಡಿಯೋದನ್ನೇ ಬಿಟ್ಟಿದ್ದೀನಿ.

ಈ ಮಾತನ್ನು ಹೇಳುವವರು ಹೆಚ್ಚಾಗಿ ಹೆಂಗಸರು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತವರು, ಹಳ್ಳಿ ಸುತ್ತುವ ಆಶಾ ಕಾರ್ಯಕರ್ತೆಯರು, ಬಸ್ ಕಂಡಕ್ಟರುಗಳು, ಶಾಲೆಗೆ ಹೋಗುವ ಹುಡುಗಿಯರು. "ನೀರು ಕುಡಿಯೋದು ಮರೆತೆ" ಅನ್ನುವವರಲ್ಲಿ ಅರ್ಧ ಜನ ನಿಜವಾಗಿ ಮರೆತಿರುವುದಿಲ್ಲ, ಬೇಕಂತಲೇ ಬಿಟ್ಟಿರುತ್ತಾರೆ ಅಂತ ನನ್ನ ಅನುಮಾನ. ಅವರಿಗೆ ಹೋಗಿ "ನೀರು ಕುಡೀರಮ್ಮ" ಅಂತ ಉಪದೇಶ ಮಾಡುವುದು ದಂಡ.

ಆದರೆ ಇದಕ್ಕೆ ಮೈ ಕೊಡುವ ಬೆಲೆ ದೊಡ್ಡದು. ನೀರು ಕಮ್ಮಿಯಾಗಿ, ಮೂತ್ರ ತಡೆದು ತಡೆದು, ಉರಿಮೂತ್ರ ಶುರುವಾಗುತ್ತದೆ. ಪದೇ ಪದೇ ಯೂರಿನ್ ಇನ್ಫೆಕ್ಷನ್ ಆಗುತ್ತಿದ್ದ, ನೀರು ಕಮ್ಮಿ ಕುಡಿಯುತ್ತಿದ್ದ 140 ಹೆಂಗಸರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಇನ್ಫೆಕ್ಷನ್ ಆದರೆ, ಮೊದಲಿನ ಹಾಗೇ ಕುಡಿದವರಿಗೆ 3.2 ಸಲ ಆಗಿತ್ತು. ಹೆಚ್ಚುಕಮ್ಮಿ ಅರ್ಧ.

ಸದ್ಯಕ್ಕೆ ಮಾಡಬಹುದಾದ್ದು ಇಷ್ಟು. ಬೆಳಗ್ಗೆ ಬೇಗ ಎದ್ದು, ಮನೆ ಬಿಡುವುದಕ್ಕೆ ಒಂದೂವರೆ ಗಂಟೆ ಮುಂಚೆ ಎರಡು ಲೋಟ ಕುಡಿಯಿರಿ. ಹೊರಡುವಷ್ಟರಲ್ಲಿ ಹೋಗಿಬರಬಹುದು. ಕೆಲಸದ ಹೊತ್ತಿನಲ್ಲಿ ಗಟಗಟ ಬೇಡ, ಗುಟುಕು ಗುಟುಕಾಗಿ ಸಾಕು. ಸಂಜೆ ಮನೆಗೆ ಬಂದ ಮೇಲೆ ಉಳಿದದ್ದು. ಇದು ತಾತ್ಕಾಲಿಕ ಉಪಾಯ ಅಷ್ಟೇ. ಕುಡಿಯುವ ನೀರು ಮತ್ತು ಹೆಣ್ಣು, ಗಂಡಿಗೆ ಬೇರೆ ಬೇರೆ ಶೌಚಾಲಯ ಒದಗಿಸುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಮಾಲೀಕರ ಹೊಣೆ. ಒಬ್ಬರೇ ಕೇಳುವುದು ಕಷ್ಟ, ಹತ್ತು ಜನ ಒಟ್ಟಿಗೆ ಕೇಳಿ.

ಬೆಳಗ್ಗೆ ಎದ್ದ ಕೂಡ್ಲೇ ಒಂದು ಲೀಟರ್ ಬಿಸಿನೀರು ಕುಡಿಬೇಕಂತೆ, ಹೌದಾ?

ಇಲ್ಲ. ಒಂದು ಲೋಟ ಸಾಕು. ಬಿಸಿಯೋ ತಣ್ಣಗೋ ನಿಮ್ಮಿಷ್ಟ.

ಊಟದ ಮಧ್ಯೆ ನೀರು ಕುಡಿದ್ರೆ ಅನ್ನ ಜೀರ್ಣ ಆಗಲ್ಲ ಅಂತಾರೆ.

ಒಂದು ಲೋಟ ನೀರಿನಿಂದ ಜೀರ್ಣಶಕ್ತಿ ಕೆಡುವುದಿಲ್ಲ. ಸಾರನ್ನ, ಮಜ್ಜಿಗೆ ಅನ್ನ ಉಣ್ಣುವವರು ನಾವು. ಅದೂ ನೀರೇ ಅಲ್ವಾ? ಎದೆಯುರಿ, ಹುಳಿತೇಗು ಇರುವವರಿಗೆ ಹೊಟ್ಟೆ ಬಿರಿಯುವ ಹಾಗೆ ಒಟ್ಟಿಗೆ ತುಂಬಿಕೊಂಡರೆ ತೊಂದರೆ ಜಾಸ್ತಿಯಾಗಬಹುದು. ಅವರು ಸ್ವಲ್ಪ ಸ್ವಲ್ಪ ಕುಡಿಯಲಿ.

ನೀರು ಕುಡಿದ್ರೆ ತೂಕ ಇಳಿಯುತ್ತಾ?

ನೀರೊಂದರಿಂದಲೇ ಇಳಿಯುವುದಿಲ್ಲ. 55 ದಾಟಿದವರ ಮೇಲೆ ಅಮೆರಿಕದಲ್ಲಿ ನಡೆದ 12 ವಾರಗಳ ಪ್ರಯೋಗದಲ್ಲಿ, ಮಿತ ಊಟದ ಜೊತೆಗೆ ಪ್ರತಿ ಊಟಕ್ಕೂ ಮುಂಚೆ ಅರ್ಧ ಲೀಟರ್ ನೀರು ಕುಡಿದವರು ಬರೀ ಮಿತ ಊಟ ಮಾಡಿದವರಿಗಿಂತ ಸುಮಾರು 2 ಕಿಲೋ ಹೆಚ್ಚು ಇಳಿದಿದ್ದರು. ನಿಜವಾದ ಲಾಭ ಬೇರೆ ಕಡೆಯಿದೆ. ಸಂಜೆಯ ಕೂಲ್‌ಡ್ರಿಂಕ್ಸ್, ಪ್ಯಾಕೆಟ್ ಜ್ಯೂಸ್ ಜಾಗಕ್ಕೆ ನೀರು ಬಂದರೆ ಅಷ್ಟು ಸಕ್ಕರೆ ತಪ್ಪುತ್ತದೆ.

## ಯಾವ ನೀರು, ಇನ್ನೇನು ಕುಡಿಯಬಹುದು

ಬರೀ ನೀರು ಗಂಟಲಲ್ಲಿ ಇಳಿಯಲ್ಲ. ಬೇರೆ ಏನಾದ್ರೂ ಕುಡಿಬಹುದಾ?

ಧಾರಾಳವಾಗಿ. ನಮ್ಮಲ್ಲಿ ಇದಕ್ಕೆ ಬರ ಇಲ್ಲ. ನೀರು ಮಜ್ಜಿಗೆಗೆ ಇಂಗು, ಕರಿಬೇವು, ಚೂರು ಶುಂಠಿ ಜಜ್ಜಿ ಹಾಕಿ. ಬಯಲುಸೀಮೆಯ ರಾಗಿ ಅಂಬಲಿ ಹೊಟ್ಟೆಗೂ ಆಯಿತು, ಬಾಯಾರಿಕೆಗೂ ಆಯಿತು. ಕರಾವಳಿಯವರಿಗೆ ಪುನರ್ಪುಳಿ, ಮಲೆನಾಡಿನವರಿಗೆ ತಂಬುಳಿ. ಕುಡಿಯುವ ನೀರಿನ ಮಡಕೆಗೆ ತೊಳೆದ ಲಾವಂಚದ ಬೇರಿನ ಒಂದು ಸಣ್ಣ ಕಟ್ಟು ಹಾಕಿಟ್ಟರೆ ನೀರು ಘಮ್ಮೆನ್ನುತ್ತದೆ. ಜೀರಿಗೆ ಕುದಿಸಿದ ನೀರೂ ಆಗಬಹುದು.

ಪಾನಕ ಮತ್ತು ಶರಬತ್ತಿನ ಬಗ್ಗೆ ಮಾತ್ರ ಎಚ್ಚರ. ರಾಮನವಮಿಯ ದಿನ ಬೇಲದ ಹಣ್ಣಿನ ಪಾನಕ ಕುಡಿಯಿರಿ, ಯಾರು ಬೇಡ ಅಂದರು? ದಿನಾ ಕುಡಿದರೆ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ. ಬಿಪಿ ಇರುವವರು ಮಜ್ಜಿಗೆಗೆ ಉಪ್ಪು ಹಾಕದೆ ಕುಡಿಯಲಿ.

ಎಳನೀರು ದಿನಾ ಕುಡಿದ್ರೆ ಒಳ್ಳೇದಾ?

ಆರೋಗ್ಯವಂತರಿಗೆ ದಿನಕ್ಕೊಂದು ಪರವಾಗಿಲ್ಲ, ಜೇಬು ಒಪ್ಪಿದರೆ. ಅದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ. ಕಿಡ್ನಿ ಸರಿಯಿಲ್ಲದವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಎಳನೀರು ಹಿಡಿದುಕೊಂಡು ಹೋಗುವ ಪದ್ಧತಿ ನಮ್ಮಲ್ಲಿದೆ. ಕೊಡುವ ಮುಂಚೆ ಅವರ ಮನೆಯವರನ್ನೋ ನರ್ಸನ್ನೋ ಒಂದು ಮಾತು ಕೇಳಿ.

ನಮ್ಮೂರಲ್ಲಿ ಬೋರ್ ನೀರು. ಕುದಿಸಿ ಕುಡಿದ್ರೆ ಸಾಕಲ್ವಾ?

ಊರು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ. ಟೈಫಾಯ್ಡ್, ಕಾಮಾಲೆ, ವಾಂತಿಭೇದಿಯ ಭಯಕ್ಕೆ ಕುದಿಸುವುದು ಒಳ್ಳೆಯ ಉಪಾಯ. ಆದರೆ ಕೋಲಾರ, ಪಾವಗಡ, ಚಿತ್ರದುರ್ಗ, ಗದಗ, ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಅದು ಕಲ್ಲಿನಿಂದ ನೀರಿಗೆ ಇಳಿಯುವ ಲವಣ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಸ್ವಲ್ಪ ಗಟ್ಟಿಯೇ ಆಗುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಲ್ಲಿ ಸೊಂಟ, ಮಂಡಿ ಬಿಗಿತ ಅದರ ಗುರುತು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ.

ಇಂಥ ಊರುಗಳಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕವೇ ಗತಿ. ಕುಡಿಯುವುದಕ್ಕೆ ಮಾತ್ರವಲ್ಲ, ಅನ್ನ ಸಾರಿಗೂ ಅದೇ ನೀರು ಬಳಸಿ. ನೀರಿನ ಪರೀಕ್ಷೆ ಮಾಡುವ ಕಿಟ್ ಪಂಚಾಯಿತಿಯಲ್ಲಿ ಇರಬೇಕು, ಕೇಳಿ ಮಾಡಿಸಿ. ಅಂಗಡಿಯಿಂದ 20 ಲೀಟರ್ ಕ್ಯಾನ್ ತರಿಸುವವರು ಮೇಲಿನ ಚೀಟಿಯಲ್ಲಿ ಐಎಸ್‌ಐ ಗುರುತು, ಐಎಸ್ 14543 ಅನ್ನುವ ಸಂಖ್ಯೆ ಇದೆಯಾ ನೋಡಿ.

ತಾಮ್ರದ ಚೊಂಬಲ್ಲಿ ಇಟ್ಟ ನೀರಿಗೆ ಏನಾದ್ರೂ ಮಹಿಮೆ ಇದೆಯಾ?

ಒಂದು ಗುಣವಂತೂ ಇದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಆ ಬ್ಯಾಕ್ಟೀರಿಯಾ ಉಳಿದಿರಲಿಲ್ಲ. ಅದರಾಚೆ ಹೇಳುವ ಮಹಿಮೆಗಳನ್ನು ನಾನು ನಂಬುವುದಿಲ್ಲ. ನಿಂಬೆರಸ, ಮಜ್ಜಿಗೆ ಅದರಲ್ಲಿ ಇಡಬೇಡಿ, ಹುಳಿಗೆ ತಾಮ್ರ ಬಿಡುತ್ತದೆ.

ಬಾಟಲಿ ಎಷ್ಟು ತೊಳೆದ್ರೂ ಗಬ್ಬು ವಾಸನೆ.

ಒಂದು ಹಿಡಿ ಅಕ್ಕಿ, ಎರಡು ಹನಿ ಪಾತ್ರೆ ಸೋಪು, ಕಾಲು ಭಾಗ ಬೆಚ್ಚಗಿನ ನೀರು. ಮುಚ್ಚಳ ಹಾಕಿ ಜೋರಾಗಿ ಕುಲುಕಿ. ಬ್ರಷ್ ಹೋಗದ ತಳದ ಲೋಳೆಯೂ ಬಿಟ್ಟುಕೊಳ್ಳುತ್ತದೆ. ಮುಚ್ಚಳದ ಒಳಗಿನ ರಬ್ಬರ್ ಬಳೆಯನ್ನು ಬಿಚ್ಚಿ ತೊಳೆಯಿರಿ, ವಾಸನೆ ಹೆಚ್ಚಾಗಿ ಅಲ್ಲೇ ಕೂತಿರುತ್ತದೆ. ಆಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ.

## ಬಿಸಿಲು, ಕಾಯಿಲೆ, ವಯಸ್ಸು

ಬಿಸಿಲಲ್ಲಿ ಕೆಲಸ ಮಾಡುವಾಗ ಎಷ್ಟು ಕುಡಿಬೇಕು?

ಬೇಸಿಗೆಯಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಹೊಲದವರಿಗೆ, ಗಾರೆಯವರಿಗೆ, ಡೆಲಿವರಿ ಹುಡುಗರಿಗೆ ಆ ಅನುಕೂಲ ಇಲ್ಲ. ಬೆವರು ಸುರಿಯುವ ಕೆಲಸದಲ್ಲಿ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಿರಿ, ಆದರೆ ಗಂಟೆಗೆ ಒಂದೂವರೆ ಲೀಟರ್ ಮುಟ್ಟಬೇಡಿ. ಹೊತ್ತು ಹೆಚ್ಚಾದರೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿಯೂ ಬೇಕು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ತಲೆಸುತ್ತು, ವಾಂತಿ ಬಂದರೆ ಕೂಡಲೇ ನೆರಳಿಗೆ ಬನ್ನಿ. ಮೈ ಕಾದು ಮಾತು ತೊದಲಿದರೆ ಅದು ಬಿಸಿಲಿನ ಹೊಡೆತ. ಮೈಮೇಲೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಅಂಗಡಿಯಲ್ಲಿ ಸಿಗೋ ಓಆರ್‌ಎಸ್ ದಿನಾ ಕುಡಿಬಹುದಾ?

ಅದು ಭೇದಿಗೆ ಮದ್ದು, ದಿನದ ಪಾನೀಯ ಅಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಹಾಕಲು ಡ್ರಿಪ್ಸ್ ಮುಗಿದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು.

ಅದೇ ಹೆಸರಿನಲ್ಲಿ ಸಿಹಿ ಪಾನೀಯ ಮಾರುವವರೂ ಹುಟ್ಟಿಕೊಂಡರು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಎಂದು ಆದೇಶಿಸಿತು. ಮೆಡಿಕಲ್ ಶಾಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಕೇಳಿ ಪುಡಿಯ ಪ್ಯಾಕೆಟ್ ತನ್ನಿ. ಸಿಗದಿದ್ದರೆ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾದರೆ ಮಗುವಿಗೆ ಅಪಾಯ.

ನೀರು ಜಾಸ್ತಿ ಕುಡಿದ್ರೆ ಏನಾಗುತ್ತೆ? ನೀರೇ ಅಲ್ವಾ?

ಆರೋಗ್ಯವಾದ ಕಿಡ್ನಿ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನಷ್ಟು ಹೊರಗೆ ಹಾಕಬಲ್ಲದು. ಅದಕ್ಕಿಂತ ಬೇಗ ಬೇಗ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಕರಿಕೆ, ಗೊಂದಲ ಬಂದು ಫಿಟ್ಸ್ ತನಕ ಹೋಗಬಹುದು. 2002ರ ಬೋಸ್ಟನ್ ಮ್ಯಾರಥಾನ್ ಓಡಿದವರ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಜನರ ಸೋಡಿಯಂ ಇಳಿದಿತ್ತು. ಓಡುವಾಗ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರೇ ಅವರಲ್ಲಿ ಹೆಚ್ಚು. ಪಂದ್ಯ ಕಟ್ಟಿ ನೀರು ಕುಡಿಯುವ ಆಟ ಬೇಡವೇ ಬೇಡ.

ಅಮ್ಮನಿಗೆ ವಯಸ್ಸಾಗಿದೆ. ರಾತ್ರಿ ಏಳಬೇಕಾಗುತ್ತೆ ಅಂತ ನೀರೇ ಮುಟ್ಟಲ್ಲ.

ಅವರ ಭಯದಲ್ಲಿ ನ್ಯಾಯ ಇದೆ. ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಎಲ್ಲಾ ಊರಲ್ಲೂ ಇದ್ದಾರೆ. ಆದ್ದರಿಂದ ಹೆಚ್ಚಿನ ನೀರು ಬೆಳಗ್ಗೆ ಮತ್ತು ಮಧ್ಯಾಹ್ನ ಆಗಿಹೋಗಲಿ, ಮಲಗುವ ಎರಡು ಗಂಟೆ ಮುಂಚಿನಿಂದ ಕಮ್ಮಿ ಮಾಡಲಿ. "ನೀರು ಕುಡೀತೀಯಾ ಅಮ್ಮಾ" ಅಂತ ಕೇಳಿದರೆ "ಬೇಡ" ಅನ್ನುತ್ತಾರೆ. ಕೇಳಬೇಡಿ, ಲೋಟ ಕೈಗೆ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ದಾರಿಗೆ ಒಂದು ಸಣ್ಣ ದೀಪ, ಬಚ್ಚಲ ಗೋಡೆಗೆ ಹಿಡಿದುಕೊಳ್ಳುವ ಕಂಬಿ ಹಾಕಿಸಿ. ಇದ್ದಕ್ಕಿದ್ದ ಹಾಗೆ ಮಂಕಾಗಿ, ಮಾತು ಅಡ್ಡಾದಿಡ್ಡಿ ಆದರೆ "ವಯಸ್ಸಾಯ್ತು" ಅಂತ ಬಿಡದೆ ಡಾಕ್ಟರಿಗೆ ತೋರಿಸಿ.

ಕಿಡ್ನಿಯಲ್ಲಿ ಕಲ್ಲಾಗಿತ್ತು. ಬಾಳೆದಿಂಡಿನ ರಸ ಸಾಕಾ?

ಬಾಳೆದಿಂಡು ಪಲ್ಯ ಮಾಡಿ ತಿನ್ನಿ, ರುಚಿಯಾಗಿರುತ್ತದೆ. ಕಲ್ಲು ಮತ್ತೆ ಆಗದಿರಲು ಬೇಕಾದ್ದು ನೀರು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡಿಯಬೇಕು, ಅಂದರೆ ಸುಮಾರು ಮೂರು ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಊಟದ ಉಪ್ಪು ಕಮ್ಮಿ ಮಾಡಿ. ಹಾಲು, ಮೊಸರು ಬಿಡಬೇಡಿ.

ಮಗುವಿಗೆ ನಾಲ್ಕು ತಿಂಗಳು. ಸೆಖೆಗೆ ಒಂದೆರಡು ಚಮಚ ನೀರು ಕೊಡಬಹುದಾ?

ಬೇಡ. ಆರು ತಿಂಗಳು ತುಂಬುವ ತನಕ ಎದೆಹಾಲು ಮಾತ್ರ, ಎಂಥ ಸೆಖೆಯಿದ್ದರೂ. ಹಾಲಿನಲ್ಲೇ ಬೇಕಾದ ನೀರಿದೆ. ಹೆಚ್ಚು ಸಲ ಹಾಲು ಕುಡಿಸಿ. ತಾಯಿ ಚೆನ್ನಾಗಿ ನೀರು ಕುಡಿಯಲಿ. ಬಾಣಂತಿಗೆ ನೀರು ಕೊಡಬಾರದು ಅನ್ನುವ ಹಳೆಯ ಕಟ್ಟುಪಾಡನ್ನು ಅಜ್ಜಿಯರಿಗೆ ನಿಧಾನವಾಗಿ ಹೇಳಿ ಬಿಡಿಸಿ.

ಹಾರ್ಟ್ ಪಂಪಿಂಗ್ ಕಮ್ಮಿ ಅಂದಿದ್ದಾರೆ. ನಾನೂ ಎಂಟು ಲೋಟ ಕುಡಿಬೇಕಾ?

ಬೇಡ. ಹಾರ್ಟ್ ಫೇಲ್ಯೂರ್, ಕಿಡ್ನಿ ಫೇಲ್ಯೂರ್, ಡಯಾಲಿಸಿಸ್, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರು: ಇವರಿಗೆ ಮೇಲಿನ ಯಾವ ಅಳತೆಯೂ ಅನ್ವಯಿಸುವುದಿಲ್ಲ. ಡಾಕ್ಟರು ಹೇಳಿದಷ್ಟೇ, ಕಾಫಿ, ಸಾರು, ಮಜ್ಜಿಗೆ ಎಲ್ಲಾ ಸೇರಿಸಿ. ಬೆಳಗ್ಗೆ ಅಷ್ಟನ್ನೂ ಒಂದು ಬಾಟಲಿಗೆ ಅಳೆದು ಇಟ್ಟುಕೊಳ್ಳಿ, ಕಾಫಿ ಕುಡಿದಾಗ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಿ. ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳಿ. ದಿನಾ ಬೆಳಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಒಂದೂವರೆ, ಎರಡು ಕಿಲೋ ಏರಿದರೆ ಅಥವಾ ಕಾಲು ಊದಿದರೆ ಫೋನ್ ಮಾಡಿ ತಿಳಿಸಿ. ಮೂತ್ರ ಹೆಚ್ಚಿಸಲು ಕೊಟ್ಟ ನೀರಿನ ಮಾತ್ರೆಯನ್ನು ನೀವಾಗೇ ಹೆಚ್ಚುಕಮ್ಮಿ ಮಾಡಬೇಡಿ.

ಎಷ್ಟು ಕುಡಿದ್ರೂ ಬಾಯಿ ಒಣಗುತ್ತೆ, ರಾತ್ರಿ ನಾಲ್ಕೈದು ಸಲ ಏಳ್ತೀನಿ. ಇದು ಒಳ್ಳೇ ಲಕ್ಷಣನಾ?

ಅಲ್ಲ. ಇದು ನೀರಿನ ರೂಢಿಯ ಪ್ರಶ್ನೆಯೇ ಅಲ್ಲ, ಮೊದಲು ಶುಗರ್ ಪರೀಕ್ಷೆ ಮಾಡಿಸಿ. ಬಾಯಾರಿಕೆ, ಮೇಲಿಂದ ಮೇಲೆ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು ಮೂರೂ ಒಟ್ಟಿಗಿದ್ದರೆ ನಾಳೆ ಅನ್ನಬೇಡಿ. ಶುಗರ್ ಸರಿಯಿದ್ದರೂ ಬಾಯಿ ಒಣಗುತ್ತಿದ್ದರೆ, ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೆಲ್ಲ ಡಾಕ್ಟರ ಮುಂದಿಡಿ. ಅಲರ್ಜಿಯ, ಖಿನ್ನತೆಯ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ನೀರನ್ನು ಮಾತ್ರ, ಪರೀಕ್ಷೆಯ ಫಲ ಬರುವ ತನಕ, ಬೇಕಂತ ಕಮ್ಮಿ ಮಾಡಬೇಡಿ.